ನೊಣದ ಪಾಲಿನ ಕವಡೆ

ಮಾತಿನ ನಡುವೆ ಕೈಯೆತ್ತಿ ಎದುರಿನವರನ್ನು ನಿಲ್ಲಿಸಿಬಿಡುವ ಅಭ್ಯಾಸ ಚೌಗಲಾ ಸರ್ ಅವರಿಗಿತ್ತು. ಎದುರಿಗಿದ್ದವರು ಪ್ರಾಂಶುಪಾಲರಾಗಿರಲಿ, ಹಾಲು ಹಾಕುವವನಾಗಿರಲಿ, ಮಗಳ ಮದುವೆಗೆ ಕರೆಯಲು ಬಂದ ದೂರದ ನೆಂಟರಾಗಿರಲಿ, ಅವರ ಬಲಗೈ ತಟ್ಟನೆ ಕಿವಿಯ ಮಟ್ಟಕ್ಕೆ ಏಳುತ್ತಿತ್ತು, ತಲೆ ಎಡಕ್ಕೆ ವಾಲುತ್ತಿತ್ತು, ಕಣ್ಣುಗಳು ಅರ್ಧ ಮುಚ್ಚುತ್ತಿದ್ದವು, ತುಟಿಗಳು ಸದ್ದಿಲ್ಲದೆ ಏನನ್ನೋ ಎಣಿಸುತ್ತಿದ್ದವು. ಅರ್ಧ ನಿಮಿಷದ ಮೇಲೆ ಕೈಯಿಳಿಸಿ, ನಡುವೆ ಏನೂ ನಡೆದೇ ಇಲ್ಲವೆಂಬಂತೆ, "ಹಾಂ, ಹೇಳ್ರಿ" ಎನ್ನುತ್ತಿದ್ದರು. ೧೯೮೩ರ ಜೂನ್ ತಿಂಗಳಲ್ಲಿ ನಾನು ಗದಗಿನಿಂದ ಚಿಕ್ಕೋಡಿಯ ಕಾಲೇಜಿಗೆ ಕನ್ನಡ ಉಪನ್ಯಾಸಕನಾಗಿ ಬಂದ ಮೊದಲ ದಿನವೇ ಈ ಕೈ ನನ್ನ ಮೇಲೂ ಎದ್ದಿತ್ತು. ಅಧ್ಯಾಪಕರ ಕೊಠಡಿಯಲ್ಲಿ ಹೊಸಬನ ಉಮೇದಿನಿಂದ ನಾನು ವಸಂತಋತುವಿನ ವರ್ಣನೆಯೊಂದನ್ನು ರಾಗವಾಗಿ ಹೇಳುತ್ತಿದ್ದೆ. ಎರಡನೆಯ ಸಾಲಿಗೇ ತಡೆ ಬಿತ್ತು. ಅವಮಾನವಾಯಿತು, ಸುಳ್ಳು ಹೇಳುವುದಿಲ್ಲ. ಕಿಟಕಿಯ ಹೊರಗಿನ ಗಟಾರದಲ್ಲಿ ಒಂದು ಜೀರುಂಡೆ ಕೂಗುತ್ತಿತ್ತೆಂದೂ, ಹಗಲು ಹನ್ನೊಂದು ಗಂಟೆಗೆ ಅದು ಕೂಗಿದ್ದು ನನ್ನ ವಸಂತಕ್ಕಿಂತ ದೊಡ್ಡ ಸುದ್ದಿಯೆಂದೂ ಆಮೇಲೆ ತಿಳಿಯಿತು.

ಲಗಮಣ್ಣ ಭರಮಪ್ಪ ಚೌಗಲಾ ಏಕಸಂಬಿಯವರು. ಎರಡೆಕರೆ ಕಬ್ಬು, ಒಂದು ಜೋಡಿ ಎತ್ತು, ಹಂಗಾಮಿನಲ್ಲಿ ಸಕ್ಕರೆ ಕಾರ್ಖಾನೆಗೆ ಗಾಡಿ ಹೊಡೆಯುವ ತಂದೆ, ಇಷ್ಟು ಆಸ್ತಿಯ ಮನೆಯಿಂದ ಎಂ.ಎಸ್ಸಿ. ತನಕ ಓದಿ ನಮ್ಮ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಉಪನ್ಯಾಸಕರಾಗಿದ್ದರು. ಎತ್ತರದ, ತುಸು ಬಾಗಿದ ಆಳು. ನಡಿಗೆ ವಿಚಿತ್ರ: ಹಿಮ್ಮಡಿ ಮೊದಲು ಊರದೆ, ಪಾದದ ಹೊರ ಅಂಚನ್ನು ನೆಲಕ್ಕೆ ತಾಗಿಸಿ ಮೆಲ್ಲಗೆ ಭಾರ ಬಿಡುತ್ತಿದ್ದರು. ನೆಲ ಅದುರಿದರೆ ಹುಳ ಹಾಡು ನಿಲ್ಲಿಸುತ್ತದೆ ಎಂಬ ಕಾರಣಕ್ಕೆ ಹೊಲದಲ್ಲಿ ಕಲಿತ ನಡಿಗೆ ಅದು; ಕಾಲೇಜಿನ ಕಾರಿಡಾರಿನಲ್ಲೂ, ಸಂತೆಯ ನೂಕುನುಗ್ಗಲಿನಲ್ಲೂ ಬಿಡಲಿಲ್ಲ. ಹೀಗಾಗಿ ಅವರು ಯಾವಾಗ ಬಂದು ನಮ್ಮ ಬೆನ್ನ ಹಿಂದೆ ನಿಂತರೆಂಬುದು ಯಾರಿಗೂ ಗೊತ್ತಾಗುತ್ತಿರಲಿಲ್ಲ, ಪ್ರಾಂಶುಪಾಲರ ಬಗ್ಗೆ ಮಾತಾಡುವಾಗಲೆಲ್ಲ ನಾವು ಹೆದರಿ ಹಿಂದೆ ನೋಡಿಕೊಳ್ಳುವಂತಾಗಿತ್ತು.

ಕಂದು ಬಣ್ಣದ ಕೋಟೊಂದು ಮಳೆಗಾಲ ಬೇಸಿಗೆ ಎನ್ನದೆ ಅವರ ಮೈಮೇಲಿರುತ್ತಿತ್ತು. ಅದರ ನಾಲ್ಕು ಜೇಬುಗಳಲ್ಲಿ ಗುಂಡುಸೂಜಿಯಿಂದ ತೂತು ಹೊಡೆದ ಕಡ್ಡಿಪೆಟ್ಟಿಗೆಗಳು, ಒಂದೊಂದು ಪೆಟ್ಟಿಗೆಗೆ ಒಂದೊಂದು ಹುಳ, ಮೇಲೆ ಪೆನ್ಸಿಲ್ಲಿನಲ್ಲಿ ಊರು, ತಾರೀಖು. ಒಮ್ಮೆ ನಿಪ್ಪಾಣಿಯಿಂದ ಬರುವ ಬಸ್ಸಿನಲ್ಲಿ ಪಕ್ಕಕ್ಕೆ ಕೂತ ತಂಬಾಕಿನ ವ್ಯಾಪಾರಿಯೊಬ್ಬ, ಜೇಬಿನಿಂದ ಇಣುಕುತ್ತಿದ್ದ ಪೆಟ್ಟಿಗೆ ಕಂಡು, ಇಳಿದ ಮೇಲೆ ಬೀಡಿ ಹಚ್ಚಲಿಕ್ಕೆ ಕಡ್ಡಿ ಇರಲೆಂದು ಸಲುಗೆಯಿಂದ ತಾನೇ ಎತ್ತಿಕೊಂಡು ತೆರೆದನಂತೆ. ಹುಳ ಅವನ ಟೋಪಿಯ ಮೇಲೆ ಜಿಗಿಯಿತು. ಚೌಗಲಾ ಸರ್ ಗಾಬರಿಯಾಗಿ, "ಅಲ್ಲಾಡಬ್ಯಾಡ್ರಿ, ಅದು ಅಕ್ಕೋಳದ್ದು!" ಎಂದು ಕೂಗಿದರಂತೆ. ಆ ವ್ಯಾಪಾರಿ ಚಿಕ್ಕೋಡಿ ಬರುವ ತನಕ ಅಲ್ಲಾಡದೆ ಕೂತಿದ್ದನ್ನು ಕಂಡಕ್ಟರು ಊರಿಗೆಲ್ಲ ಹೇಳಿಕೊಂಡು ಬಂದ. ಜನ ಅವರಿಗೆ ‘ಹುಳದ ಮಾಸ್ತರ’ ಎಂದು ಹೆಸರಿಟ್ಟದ್ದು ಬಹುಶಃ ಆಗಲೇ.

ಇವೆಲ್ಲಕ್ಕಿಂತ ನಮ್ಮನ್ನು ಕಾಡಿದ್ದು ಅವರ ಒಂದು ಪ್ರಶ್ನೆ. ಯಾರು ಏನನ್ನೇ ಹೇಳಲಿ, ಅವರು ಕೇಳುತ್ತಿದ್ದುದು ಒಂದೇ: "ಎಷ್ಟ ಸಲ ನೋಡೀರಿ?" ಈ ವರ್ಷ ದ್ರಾಕ್ಷಿಗೆ ರೋಗ ಹೆಚ್ಚು ಎಂದು ಕಾಗವಾಡದ ಕಡೆಯ ಸಹೋದ್ಯೋಗಿ ಅಂದರೆ, ಎಷ್ಟ ಸಲ ನೋಡೀರಿ. ಬೆಳಗಾವಿ ಬಸ್ಸು ಯಾವತ್ತೂ ತಡ ಎಂದರೆ, ಎಷ್ಟ ಸಲ ನೋಡೀರಿ. ಕೇಳುವ ದನಿಯಲ್ಲಿ ಕುಹಕವಿರುತ್ತಿರಲಿಲ್ಲ. ನಿಜಕ್ಕೂ ಸಂಖ್ಯೆ ಬೇಕಾಗಿರುತ್ತಿತ್ತು. ಕೋಗಿಲೆ ಹರ್ಷದಿಂದ ಹಾಡುತ್ತದೆ ಎಂದು ನಾನು ಒಮ್ಮೆ ಹೇಳಿ ಸಿಕ್ಕಿಬಿದ್ದೆ. ಒಂದು ಸಲವೂ ನೋಡಿಲ್ಲವೆಂದು ಒಪ್ಪಿಕೊಳ್ಳಬೇಕಾಯಿತು. "ಹಾಡೂದು ಹರ್ಷಕ್ಕಲ್ರಿ, ಹೆಂಡತಿ ಸಿಗಲಿ ಅಂತ," ಎಂದು ಅವರು ಸಮಾಧಾನ ಹೇಳಿದರು. "ಆದ್ರ ಹಾಡಿದ್ರ ಹೆಂಡತಿ ಒಬ್ಬಾಕಿನ ಬರ್ತಾಳಂತ ಏನೂ ಇಲ್ಲ. ಅಲ್ಲೇ ಐತಿ ತ್ರಾಸ."

ಆ ತ್ರಾಸವೇ ಅವರ ಬದುಕಿನ ವಿಷಯವಾಗಿತ್ತು. ಇಲ್ಲಿ ಜೀರುಂಡೆಯೆಂದರೆ ಮರದ ಮೇಲಿನದಲ್ಲ. ಕಬ್ಬಿನ ಗದ್ದೆಯಲ್ಲಿ ರವದಿಯ, ಅಂದರೆ ಒಣಗಿ ಉದುರಿದ ಕಬ್ಬಿನೆಲೆಯ, ಕೆಳಗೆ ಕೂತು ಹೊತ್ತು ಮುಳುಗುತ್ತಲೇ ಶ್ರುತಿ ಹಿಡಿಯುವ ಕಪ್ಪು ಹುಳ. ಹಾಡುವುದು ಗಂಡು ಮಾತ್ರ, ರೆಕ್ಕೆಗೆ ರೆಕ್ಕೆ ಉಜ್ಜಿ. ಹಾಡಿನ ಜಾಡು ಹಿಡಿದು ಹೆಣ್ಣು ಬರುತ್ತದೆ. ಅದೇ ಜಾಡು ಹಿಡಿದು ಒಂದು ಜಾತಿಯ ನೊಣವೂ ಬರುತ್ತದೆ. ಹಾಡುಗಾರನ ಬೆನ್ನ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಮರಿಹುಳಗಳನ್ನು ಬಿಟ್ಟು ಹೋಗುತ್ತದೆ. ಅವು ಒಳಹೊಕ್ಕು, ಒಳಗಿನಿಂದಲೇ ತಿಂದು, ವಾರದಲ್ಲಿ ಅದನ್ನು ಮುಗಿಸುತ್ತವೆ. ಇನ್ನು ಕೆಲವು ಗಂಡುಗಳಿವೆ, ಅವು ಹಾಡುವುದೇ ಇಲ್ಲ. ಹಾಡುವವನ ಪಕ್ಕದಲ್ಲಿ ತೆಪ್ಪಗೆ ಕೂತು, ಬರುವ ಹೆಣ್ಣನ್ನು ದಾರಿಯಲ್ಲೇ ಅಡ್ಡಗಟ್ಟುತ್ತವೆ. ನೊಣ ಅವುಗಳ ತಂಟೆಗೆ ಹೋಗುವುದು ಅಪರೂಪ. ಚೌಗಲಾ ಸರ್ ಐದು ವರ್ಷ ಹುಳ ಹಿಡಿದು, ಸೀಳಿ ನೋಡಿ, ಲೆಕ್ಕ ಹಾಕಿದ್ದರು: ಹಾಡುವ ನೂರು ಗಂಡುಗಳಲ್ಲಿ ಮೂವತ್ತೊಂದರ ಹೊಟ್ಟೆಯಲ್ಲಿ ನೊಣದ ಮರಿ, ಹಾಡದ ನೂರರಲ್ಲಿ ನಾಲ್ಕರಲ್ಲಿ. ಹಾಗಾದರೆ ತಲೆಮಾರಿನಿಂದ ತಲೆಮಾರಿಗೆ ಈ ಹಾಡು ಏನಾಗುತ್ತದೆ? ಕುಗ್ಗುತ್ತದೆಯೇ, ಅಥವಾ ಒಂದು ದಿನ ಇಡೀ ಗದ್ದೆ ಮೂಕವಾಗುತ್ತದೆಯೇ? ಇಷ್ಟೇ ಪ್ರಶ್ನೆ. ೧೯೮೪ರಲ್ಲಿ ಇದನ್ನೇ ಇಟ್ಟುಕೊಂಡು ಪಿಎಚ್.ಡಿ.ಗೆ ನೋಂದಾಯಿಸಿದ್ದರು.

ಈ ಎಣಿಕೆಯ ಕಾಲದಲ್ಲಿ ರಾಯಬಾಗದ ಕಡೆ ಒಂದು ಸಂಜೆ ಅವರನ್ನು ಕಳ್ಳನೆಂದು ಹಿಡಿದರು. ಪಂಪ್‌ಸೆಟ್ಟಿನ ತಾಮ್ರದ ತಂತಿ ಕಳುವಾಗುತ್ತಿದ್ದ ದಿನಗಳು. ಕಬ್ಬಿನೊಳಗೆ ಕುಕ್ಕರಗಾಲಿನಲ್ಲಿ ಕೂತಿದ್ದ ಕೋಟಿನ ಮನುಷ್ಯನನ್ನು ಹೊಲದೊಡೆಯ ಮಲಕಾರಿ ಏಳೆಂಟು ಜನರೊಂದಿಗೆ ಸುತ್ತುವರಿದು, "ಯಾವ ಊರಾಂವಲೇ, ಮ್ಯಾಲೇಳ!" ಎಂದು ಬಡಿಗೆ ಎತ್ತಿದ. ಇವರು ಎದ್ದು ನಿಲ್ಲಲಿಲ್ಲ, ಬಲಗೈ ಎತ್ತಿದರು. ಆ ಕೈಯ ಅಧಿಕಾರ ಎಂಥದೋ, ಎಲ್ಲರೂ ಗಪ್ಪಾದರು. ಮೌನದಲ್ಲಿ ಒಂದೇ ಒಂದು ಹುಳ ಚಿರ್ ಚಿರ್ ಎನ್ನುತ್ತಿತ್ತು. ಎಣಿಕೆ ಮುಗಿದ ಮೇಲೆ ಸರ್ ಕೈಯಿಳಿಸಿ, ನೊಣದ ಕಥೆಯನ್ನು ಮೊದಲಿಂದ ಹೇಳಿದರು. ಮಲಕಾರಿ ಬಡಿಗೆ ಊರಿಕೊಂಡು ಎಲ್ಲ ಕೇಳಿ, "ಅಂದ್ರ ಬಾಯಿ ಮಾಡಿದಾಂವ ಸಾಯ್ತಾನ, ಸುಮ್ನ ಕುಂತಾಂವಗ ಸಂಸಾರ. ಇದ ನಮ್ಮ ಪಂಚಾಯ್ತಿ ಆತಲ್ರಿ ಮಾಸ್ತರ," ಎಂದನಂತೆ. ಅಲ್ಲಿಂದ ಮುಂದೆ ಮಲಕಾರಿಯ ಹೊಲ ಅವರಿಗೆ ಪ್ರಯೋಗಶಾಲೆಯಾಯಿತು, ಪ್ರತಿ ಸಲವೂ ಒಂದು ತಂಬಿಗೆ ಮಜ್ಜಿಗೆಯ ಸಮೇತ.

ಆದರೆ ತಲೆಮಾರುಗಳನ್ನು ಹೊಲದಲ್ಲಿ ಕೂತು ನೋಡಲಿಕ್ಕಾಗುವುದಿಲ್ಲ, ಆಯುಷ್ಯ ಸಾಲದು. ಅದಕ್ಕೊಂದು ಮಾದರಿ ಬೇಕು, ಹೊಲದ ಆಟವನ್ನು ಮನೆಯ ನೆಲದ ಮೇಲೆ ಆಡಿ ನೋಡುವ ಉಪಾಯ ಬೇಕು. ಹೊರದೇಶಗಳಲ್ಲಿ ಇದನ್ನು ಗಣಕಯಂತ್ರದಲ್ಲಿ ಮಾಡುತ್ತಾರೆಂದು ಅವರೇ ಹೇಳಿದ್ದರು. ಚಿಕ್ಕೋಡಿಯಲ್ಲಿ ಆಗ ಟೈಪ್‌ರೈಟರೇ ದೊಡ್ಡ ಯಂತ್ರ. ಚೌಗಲಾ ಸರ್ ಕವಡೆ ಹಿಡಿದರು. ಹಾಡುವ ಗಂಡಿಗೆ ಒಂದೊಂದು ಗುಲಗಂಜಿ, ಹಾಡದ ಗಂಡಿಗೆ ಒಂದೊಂದು ಹುಣಸೆಬೀಜ. ಇಪ್ಪತ್ತು ಅದು, ಇಪ್ಪತ್ತು ಇದು, ನಡುಮನೆಯಲ್ಲಿ ಸುಣ್ಣದ ಗೆರೆಯೆಳೆದ ಗದ್ದೆ. ಪ್ರತಿಯೊಂದು ಬೀಜಕ್ಕೂ ಎರಡು ಎಸೆತ. ಹೆಣ್ಣಿನ ಪಾಲಿಗೆ ನಾಲ್ಕು ಕವಡೆ, ನೊಣದ ಪಾಲಿಗೆ ನಾಲ್ಕು ಕವಡೆ. ಗುಲಗಂಜಿಗೆ ನೊಣದ ಕವಡೆ ಎಸೆದಾಗ ನಾಲ್ಕರಲ್ಲಿ ಮೂರಾದರೂ ಅಂಗಾತ, ಬಾಯಿ ಮೇಲಾಗಿ ಬಿದ್ದರೆ ನೊಣ ಬಂದಂತೆ, ಆ ಬೀಜ ಡಬ್ಬಿಗೆ. ಕವಡೆ ಅಂಗಾತ ಬೀಳುವುದೂ ಕವುಚಿ ಬೀಳುವುದೂ ಸಮಸಮವೆಂದು ಇಟ್ಟುಕೊಂಡರೆ, ನೂರು ಎಸೆತದಲ್ಲಿ ಮೂವತ್ತೊಂದು ಸಲ ಹೀಗಾಗುತ್ತದೆ. ಹೊಲದ ಲೆಕ್ಕಕ್ಕೂ ಇದಕ್ಕೂ ಕೂದಲಷ್ಟೂ ವ್ಯತ್ಯಾಸವಿಲ್ಲವೆಂದು ಅವರು ಹಿಗ್ಗಿದ್ದರು. ಹುಣಸೆಬೀಜ ಸಾಯುವುದು ಅಪರೂಪ, ಅದಕ್ಕೆ ನೊಣದ ಕವಡೆ ನಾಲ್ಕಕ್ಕೆ ನಾಲ್ಕೂ ಅಂಗಾತ ಬೀಳಬೇಕು, ಮತ್ತೊಮ್ಮೆ ಎಸೆದಾಗ ಕನಿಷ್ಠ ಎರಡು. ಹೆಣ್ಣಿನ ಎಸೆತದಲ್ಲಿ ಗುಲಗಂಜಿಗೆ ಅವಕಾಶ ಹೆಚ್ಚು, ಗೆರೆಯೊಳಗೆ ಅವು ಕಡಿಮೆಯಾದಷ್ಟೂ ಇನ್ನೂ ಹೆಚ್ಚು. ಹೆಣ್ಣು ದಕ್ಕಿದ ಬೀಜಗಳಿಗೆ ತಕ್ಕಂತೆ ಮುಂದಿನ ತಲೆಮಾರಿನ ನಲವತ್ತು.

ಅಂಕಿಗಳನ್ನು ಕಲಸಿ ಅಚ್ಚು ಹಾಕಿದ ಕೋಷ್ಟಕಗಳು ಪುಸ್ತಕದಲ್ಲೇ ಸಿಗುತ್ತವಲ್ಲ, ಕವಡೆ ಯಾಕೆ ಎಂದು ನಾನೊಮ್ಮೆ ಕೇಳಿದ್ದೆ. "ಆ ಅಂಕಿ ಯಾರೋ ಎಸದಾರ್ರಿ, ನಾ ನೋಡಿಲ್ಲ," ಎಂದಿದ್ದರು. ಕಣ್ಣಾರೆ ಕಂಡದ್ದನ್ನಷ್ಟೇ ನಂಬುವ ಈ ಹಟವನ್ನು ನಾನು ಆಗ ಬಹಳ ಮೆಚ್ಚಿಕೊಂಡೆ.

ಹೆಣ್ಣಿನ ಪಾಲಿನ ಕವಡೆ ಎಸೆಯುತ್ತಿದ್ದವರು ಅವರ ಹೆಂಡತಿ ತಾರವ್ವ. ನಿಪ್ಪಾಣಿ ಪೇಟೆಯಲ್ಲಿ ಬೆಳೆದ ಹೆಣ್ಣುಮಗಳು, ತವರಿನಿಂದ ತಂದ ಚೌಕಾಬಾರದ ಕವಡೆ ಅವರವು. ನೊಣದ ಪಾಲಿನ ನಾಲ್ಕನ್ನು ಚೌಗಲಾ ಸರ್ ತಾವೇ ಎಸೆಯುತ್ತಿದ್ದರು. ಅವು ಬೇರೆಯವು. ಅವರ ತಂದೆ ತೀರಿಕೊಂಡು, ಎತ್ತು ಮಾರಿದ ಮೇಲೆ ಗೂಟಕ್ಕೆ ನೇತುಬಿದ್ದಿದ್ದ ಒಂದು ಕೊರಳಪಟ್ಟಿ, ಕಾರಹುಣ್ಣಿಮೆಯ ದಿನ ಎತ್ತಿಗೆ ಕಟ್ಟುತ್ತಿದ್ದ ಕವಡೆ ಹೊಲಿದ ಪಟ್ಟಿ, ಅವರ ಪಾಲಿಗೆ ಬಂದಿತ್ತು. ಅದರಿಂದ ಬಿಚ್ಚಿಕೊಂಡ ನಾಲ್ಕು. "ಅಪ್ಪನ ಕೈಯಾಗಿನವು," ಎಂದು ಪ್ರತಿ ಸಲ ಎಸೆಯುವ ಮುನ್ನ ಅಂಗೈಯಲ್ಲಿ ಒಮ್ಮೆ ಉಜ್ಜುತ್ತಿದ್ದರು. ಒಂದು ಬೇಸಿಗೆ ರಜೆಯಲ್ಲಿ ನಾನೂ ಪಟ್ಟಿ ಬರೆದುಕೊಳ್ಳಲು ಕೂತಿದ್ದೆ. ಬೆಳಗಿನ ತಿಂಡಿಯಾದ ಮೇಲೆ ಶುರು, ಮಧ್ಯಾಹ್ನ ಊಟಕ್ಕೆ ಬಿಡುವು, ನಾಲ್ಕಕ್ಕೆ ಮತ್ತೆ. ದಿನಕ್ಕೆ ಎರಡೇ ತಲೆಮಾರು ಮುಗಿಯುತ್ತಿದ್ದವು. ಅಡುಗೆಮನೆಯಲ್ಲಿ ಸಾರು ಉಕ್ಕಿದರೆ ತಾರವ್ವ ಎದ್ದು ಓಡುತ್ತಿದ್ದರು, ಆ ಹೊತ್ತು ಯಾವ ಗಂಡಿಗೂ ಹೆಣ್ಣು ಸಿಗುತ್ತಿರಲಿಲ್ಲ.

ಏಳು ವರ್ಷ ಹೀಗೆ ನಡೆಯಿತು. ಎಷ್ಟು ಸಲ ಆಡಿದರೂ ಫಲ ಒಂದೇ: ನಲವತ್ತನೆಯ ತಲೆಮಾರಿನ ಆಸುಪಾಸಿಗೆ ಗೆರೆಯೊಳಗೆ ಒಂದೂ ಗುಲಗಂಜಿ ಉಳಿಯುತ್ತಿರಲಿಲ್ಲ. ಪರಾವಲಂಬಿ ಕೊನೆಗೆ ಹಾಡನ್ನೇ ನುಂಗುತ್ತದೆ, ಇದು ಅವರ ಮಹಾಪ್ರಬಂಧದ ತೀರ್ಮಾನ. ಹಾಗಾದರೆ ಹೊಲದಲ್ಲಿ ಇನ್ನೂ ಹಾಡುತ್ತಿವೆಯಲ್ಲ ಎಂದು ನಾನು ಕೇಳಿದ್ದಕ್ಕೆ, ನೊಣ ಈ ಸೀಮೆಗೆ ಕಾಲುವೆ ನೀರಿನ ಹಿಂದೆ ಈಚೆಗೆ ಬಂದಿರಬೇಕು, ತಡೆಯಿರಿ, ಎಂದಿದ್ದರು. ಪ್ರಬಂಧ ೧೯೯೨ರ ಕೊನೆಗೆ ಸಲ್ಲಿಕೆಯಾಯಿತು. ಇಬ್ಬರು ಪರೀಕ್ಷಕರೂ ಹೊಗಳಿ ವರದಿ ಕಳಿಸಿದರು. ಮರುವರ್ಷ ಜೂನ್ ಹದಿನಾಲ್ಕಕ್ಕೆ ವಿಶ್ವವಿದ್ಯಾಲಯದಲ್ಲಿ ಮೌಖಿಕ ಪರೀಕ್ಷೆ. ಅದೊಂದು ಶಾಸ್ತ್ರ ಮುಗಿದರೆ ಏಕಸಂಬಿಯ ಗಾಡಿ ಹೊಡೆಯುವವನ ಮಗ ಡಾಕ್ಟರ್ ಚೌಗಲಾ. ನೋಂದಣಿಯ ಅವಧಿಯನ್ನು ಎರಡು ಸಲ ಹಿಗ್ಗಿಸಿಯಾಗಿತ್ತು, ಮೂರನೆಯ ಸಲಕ್ಕೆ ನಿಯಮವೇ ಇರಲಿಲ್ಲ. ಸಹೋದ್ಯೋಗಿಗಳಾದ ನಾವು ಅವಸರಪಟ್ಟು ಅವರ ಕೊಠಡಿಗೆ ಹೊಸ ನಾಮಫಲಕ ಬರೆಸಿದೆವು. ಪೇಂಟರಿಗೆ ಹೇಳಿ ಹೆಸರಿನ ಮುಂದೆ ಎರಡು ಅಕ್ಷರದಷ್ಟು ಜಾಗ ಖಾಲಿ ಬಿಡಿಸಿದೆವು, ಹದಿನೈದನೇ ತಾರೀಖು ಬಂದು ‘ಡಾ.’ ತುಂಬಿ ಹೋಗಲಿ ಎಂದು.

ಅಷ್ಟರಲ್ಲಿ ಗಣಕಯಂತ್ರ ಬಂತು. ನಮ್ಮ ಕಾಲೇಜಿಗಲ್ಲ, ಸಕ್ಕರೆ ಕಾರ್ಖಾನೆಗೆ. ಹಂಗಾಮು ಮುಗಿದು, ಕಬ್ಬಿನ ತೂಕದ ಚೀಟಿಗಳ ಗದ್ದಲ ನಿಂತು, ಏಪ್ರಿಲ್ಲಿನಲ್ಲಿ ಅದು ಸುಮ್ಮನೆ ಬಟ್ಟೆ ಹೊದ್ದು ಕೂತಿರುತ್ತಿತ್ತು. ಅದನ್ನು ನೋಡಿಕೊಳ್ಳುತ್ತಿದ್ದ ಆಬಾಸಾಹೇಬ ಇವರ ಹಳೆಯ ವಿದ್ಯಾರ್ಥಿ. "ಸರ್, ಈಕಡೆ ಯಾರೂ ಬರಂಗಿಲ್ರಿ, ನಿಮ್ಮ ಕವಡಿ ಆಟ ಇದರಾಗ ಹಾಕೂಣು, ಬಿಂದಾಸ್ ಬರ್ರಿ," ಎಂದು ಕರೆದ. ಪರೀಕ್ಷಕರ ಮುಂದೆ ಒಂದು ನಕ್ಷೆ ಹೆಚ್ಚಿಗೆ ತೋರಿಸಬಹುದೆಂಬ ಆಸೆಗೆ ಸರ್ ಹೋದರು. ಏಳು ವರ್ಷದ ಆಟವನ್ನು ಯಂತ್ರ ಒಂದು ಮಧ್ಯಾಹ್ನದಲ್ಲಿ ಆಡಿ ಮುಗಿಸಿತು, ಮತ್ತು ಬೇರೆಯೇ ಉತ್ತರ ಕೊಟ್ಟಿತು. ಅದರ ಗದ್ದೆಯಲ್ಲಿ ಗುಲಗಂಜಿ ಸಾಯಲಿಲ್ಲ. ಇಪ್ಪತ್ತರಿಂದ ಏಳಕ್ಕೆ, ಎಂಟಕ್ಕೆ ಇಳಿಯಿತು, ಅಲ್ಲೇ ನಿಂತಿತು. ನಲವತ್ತಲ್ಲ, ನಾನೂರು ತಲೆಮಾರಿಗೂ ಅಲ್ಲೇ. ಹಾಡುವವರು ಕಡಿಮೆಯಾದಷ್ಟೂ ಬರುವ ಹೆಣ್ಣುಗಳೆಲ್ಲ ಉಳಿದ ಹಾಡುಗಾರರ ಕಡೆಗೇ ಬರಬೇಕಲ್ಲ, ಅದು ಅವರನ್ನು ಕಾಪಾಡುತ್ತಿತ್ತು.

ಚೌಗಲಾ ಸರ್ ಒಂದು ತಿಂಗಳು ಯಂತ್ರವನ್ನೇ ಅನುಮಾನಿಸಿದರು. ಆಬಾಸಾಹೇಬನಿಂದ ಪ್ರತಿ ಸಾಲನ್ನೂ ಓದಿಸಿ ಕೇಳಿದರು. ವಿದ್ಯುತ್ತಿನ ಏರಿಳಿತದಿಂದ ಹೀಗಾಗುವುದೇ ಎಂದು ಲೈನ್‌ಮನ್ನನ್ನೂ ಕೇಳಿದರಂತೆ. ಮೈ ಇಳಿದು ಕೋಟು ದೊಡ್ಡದಾಯಿತು. ನಾನು ಮಾತಾಡಿಸಿದರೆ ಕೈಯೆತ್ತುತ್ತಿದ್ದರು, ಆದರೆ ಹೊರಗೆ ಯಾವ ಹುಳವೂ ಕೂಗುತ್ತಿರಲಿಲ್ಲ.

ಮೇ ಕೊನೆಯಲ್ಲಿ ಅವರ ತಾಯಿ ಸೀತವ್ವ ಕಣ್ಣಿನ ಪೊರೆ ತೆಗೆಸಲಿಕ್ಕೆ ಏಕಸಂಬಿಯಿಂದ ಮಗನ ಮನೆಗೆ ಬಂದರು. ಮಗ ಏಳು ವರ್ಷದಿಂದ ಕವಡೆ ಎಸೆಯುವುದನ್ನು ಕೇಳಿದ್ದರೇ ಹೊರತು ನೋಡಿರಲಿಲ್ಲ. ಆಪರೇಶನ್ನಾಗಿ ಪಟ್ಟಿ ಬಿಚ್ಚಿದ ಮೂರನೆಯ ದಿನ, ಬೆಳಗಿನ ಹೊತ್ತು, ನಾನು ಅವರನ್ನು ನೋಡಿಕೊಂಡು ಬರಲು ಹೋಗಿದ್ದೆ. ಸರ್ ಹಟಕ್ಕೆ ಬಿದ್ದು ಮತ್ತೊಮ್ಮೆ ಗೆರೆಯೆಳೆದು ಆಡುತ್ತಿದ್ದರು. ಕರಿಕನ್ನಡಕ ಹಾಕಿಕೊಂಡು ಗೋಡೆಗೊರಗಿ ಕೂತಿದ್ದ ಮುದುಕಿ ಐದಾರು ಎಸೆತ ನೋಡಿದರು. ಆಮೇಲೆ ಮೆಲ್ಲಗೆ ಮುಂದೆ ಬಾಗಿ ನೊಣದ ಪಾಲಿನ ಒಂದು ಕವಡೆಯನ್ನು ಎತ್ತಿ, ಹೆಬ್ಬೆರಳಿನಿಂದ ಅದರ ಬೆನ್ನು ಸವರಿದರು.

"ಇವ ಎತ್ತಿನ ಪಟ್ಟಿ ಕವಡಿ ಅಲ್ಲೇನಲೇ ಲಗಮಣ್ಣ?"

"ಹೌದ ಬೇ. ಅಪ್ಪನವು."

"ಇವನ್ನ ಆಟಕ್ಕ ಯಾರ ತಗೋತಾರ? ಹೊಲ್ಯಾಕ ಚಪಾಟ ಕುಂದರಲಿ ಅಂತ ನಿಮ್ಮಪ್ಪ ಕಲ್ಲಿಗಿ ಬೆನ್ನ ತೇದಾನ. ಬೆನ್ನ ತೇದವು ಅಂಗಾತನ ಹೆಚ್ಚ ಬೀಳತಾವ. ನಾವು ಹೆಣಮಕ್ಕಳು ಆಡೂ ಮುಂದ ಇವನ್ನ ಆರಿಸಿ ಒಗೀತಿದ್ವಿ."

ತಾರವ್ವ ಕೈಯಲ್ಲಿದ್ದ ಕವಡೆಗಳನ್ನು ನೆಲಕ್ಕಿಟ್ಟರು. ಸರ್ ಬಾಯಲ್ಲಿ, ತಾಯಿಯೆಂದೂ ನೋಡದೆ, ಅಭ್ಯಾಸದ ಮಾತು ಬಂದೇ ಬಂತು: "ಎಷ್ಟ ಸಲ ನೋಡೀ ಬೇ?"

"ಅರವತ್ತ ವರ್ಷ ನೋಡೇನಿ," ಎಂದರು ಸೀತವ್ವ.

ಆ ಮನೆಯಲ್ಲಿ ಗಂಡಸರು ಎತ್ತಿಗೆ ಪಟ್ಟಿ ಕಟ್ಟುತ್ತಿದ್ದರು, ಹೆಂಗಸರು ಪಡಸಾಲೆಯಲ್ಲಿ ಚೌಕಾಬಾರ ಆಡುತ್ತಿದ್ದರು. ಎರಡನ್ನೂ ಕೂಡಿಸಿ ತಿಳಿದದ್ದು ಹೆಂಗಸರಿಗೆ ಮಾತ್ರ, ಅವರನ್ನು ಯಾರೂ ಕೇಳಿರಲಿಲ್ಲ. ಲೋಕದಲ್ಲಿರುವುದನ್ನೆಲ್ಲ ಎಣಿಸಿದ ಮನುಷ್ಯ ತನ್ನ ಅಂಗೈಯ ಕವಡೆಯನ್ನೇ ಎಣಿಸಿರಲಿಲ್ಲ. ಅಪ್ಪನವು ಎಂಬ ಒಂದು ಕಾರಣಕ್ಕೆ ಅವುಗಳ ಮೇಲೆ ಅನುಮಾನ ಹುಟ್ಟಿರಲಿಲ್ಲ. ಅಂದು ಎಣಿಸಿದರು. ನಾನೇ ಗೆರೆ ಹಾಕಿಕೊಂಡೆ. ತಾರವ್ವನ ಕವಡೆ ಸಾವಿರಕ್ಕೆ ನಾನೂರ ತೊಂಬತ್ತೇಳು ಸಲ ಅಂಗಾತ. ಎತ್ತಿನ ಪಟ್ಟಿಯವು ಸಾವಿರಕ್ಕೆ ಆರುನೂರ ಮೂರು. ಅಂದರೆ ನೂರರಲ್ಲಿ ಮೂವತ್ತೊಂದು ಸಲ ಬರಬೇಕಾದ ನೊಣ ಅವರ ಗದ್ದೆಗೆ ನಲವತ್ತೆಂಟು ಸಲ ಬರುತ್ತಿತ್ತು. ಹಾಡನ್ನು ಕೊಂದದ್ದು ಪರಾವಲಂಬಿಯಲ್ಲ. ಮಧ್ಯಾಹ್ನದ ಊಟಕ್ಕೆ ಯಾರೂ ಏಳಲಿಲ್ಲ. ಸೀತವ್ವ ಮಾತ್ರ, "ನಾ ಬಾಯಿ ಮುಚಗೊಂಡ ಕುಂದರಬೇಕಾಗಿತ್ತೇನೋ," ಎಂದು ಕಣ್ಣೊರೆಸಿಕೊಳ್ಳಹೋಗಿ, ಡಾಕ್ಟರು ಕಣ್ಣು ಮುಟ್ಟಬೇಡವೆಂದದ್ದು ನೆನಪಾಗಿ ಕೈ ತಡೆದರು.

"ನೀ ಹೇಳದಿದ್ರ ನಾ ಸುಳ್ಳ ಡಾಕ್ಟರ್ ಆಗತಿದ್ನೆಲ್ಲ ಬೇ," ಎಂದರು ಮಗ.

ನಾನು ಏನು ಹೇಳಿದೆ ಎಂಬುದನ್ನೂ ಇಲ್ಲಿ ಬರೆಯಬೇಕು. ಜೂನ್ ಹದಿನಾಲ್ಕರ ಬೆಳಿಗ್ಗೆ ಅವರ ಜೊತೆಗೆ ನಾನೂ ಹೊರಟೆ. ಬಸ್ ನಿಲ್ದಾಣದಲ್ಲಿ ಒಂದು ಹಾರ ಕೊಂಡು ಚೀಲದಲ್ಲಿಟ್ಟುಕೊಂಡಿದ್ದೆ. ದಾರಿಯುದ್ದಕ್ಕೂ ಅವರಿಗೆ ಬುದ್ಧಿ ಹೇಳಿದೆ. ಪರೀಕ್ಷಕರು ಒಪ್ಪಿಯಾಗಿದೆ, ಅವರೇನು ಕವಡೆಯ ಬೆನ್ನು ಮುಟ್ಟಿ ನೋಡುತ್ತಾರೆಯೇ, ಪದವಿ ಕೈಗೆ ಬಂದ ಮೇಲೆ ತಿದ್ದುಪಡಿ ಪ್ರಕಟಿಸಿದರಾಯಿತು, ಇವತ್ತೊಂದು ದಿನ ಸುಮ್ಮನಿರಿ. ಒಂಬತ್ತು ವರ್ಷ, ಸರ್. ಅವರು ಕಿಟಕಿಯ ಹೊರಗೆ ನೋಡುತ್ತ ಎಲ್ಲವನ್ನೂ ಕೇಳಿದರು. ಎಷ್ಟ ಸಲ ನೋಡೀರಿ ಎನ್ನಲಿಲ್ಲ. "ಸುಮ್ನ ಕುಂದ್ರೂದು ನನಗೂ ಬರತೈತ್ರಿ," ಎಂದರು ಇಳಿಯುವಾಗ. "ಅದಕ್ಕ ಅಂಜಿಕಿ."

ಪರೀಕ್ಷೆಯ ಕೋಣೆಯಲ್ಲಿ ಆರೇಳು ಜನರಿದ್ದೆವು. ನನಗೆ ಹಿಂದಿನ ಕುರ್ಚಿ. ಪುಣೆಯಿಂದ ಬಂದ ಹಿರಿಯ ಪರೀಕ್ಷಕರು ಪ್ರಸನ್ನರಾಗಿ, ನಿಮ್ಮ ಮುಖ್ಯ ಫಲಿತಾಂಶವನ್ನು ನಾಲ್ಕು ಮಾತಿನಲ್ಲಿ ಹೇಳಿ ಎಂದರು. ಚೌಗಲಾ ಸರ್ ಎದ್ದು, ಕೋಟಿನ ಜೇಬಿನಿಂದ ಎರಡು ಕಡ್ಡಿಪೆಟ್ಟಿಗೆ ತೆಗೆದು, ಮೇಜಿನ ಮೇಲೆ ನಾಲ್ಕು ಕವಡೆ ಒಂದು ಕಡೆ, ನಾಲ್ಕು ಇನ್ನೊಂದು ಕಡೆ ಸುರಿದರು. "ಫಲಿತಾಂಶ ತಪ್ಪೈತ್ರಿ. ಎಸೆದು ನೋಡ್ರಿ," ಎಂದರು, ಗಾಬರಿಯಲ್ಲಿ ನಮ್ಮೂರ ಮಾತೇ ಬಂದುಬಿಟ್ಟಿತು, ಆಮೇಲೆ ಇಂಗ್ಲಿಷಿನಲ್ಲಿ ಮತ್ತೊಮ್ಮೆ ಹೇಳಿದರು. ಆ ಹಿರಿಯರು ನಗುತ್ತಲೇ ಎಸೆದರು. ಹತ್ತು ಸಲ, ಇಪ್ಪತ್ತು ಸಲ. ನಗು ನಿಂತಿತು. ಕೋಣೆಯಲ್ಲಿ ಕವಡೆಯ ಸದ್ದೊಂದೇ. ಐವತ್ತು ಸಲವಾದ ಮೇಲೆ ಅವರು ಎದ್ದು ಬಂದು ಚೌಗಲಾ ಸರ್ ಅವರ ಎರಡೂ ಕೈ ಹಿಡಿದುಕೊಂಡರು, ಬಹಳ ಹೊತ್ತು ಬಿಡಲಿಲ್ಲ. ಅನಂತರ ಕುರ್ಚಿಗೆ ಮರಳಿ, ಕನ್ನಡಕ ಒರೆಸಿ, ಪದವಿಗೆ ಶಿಫಾರಸು ಮಾಡಲಾಗಿಲ್ಲ ಎಂದು ಬರೆದು ಸಹಿ ಹಾಕಿದರು. ಇನ್ನೇನು ಬರೆಯಲಿಕ್ಕೂ ಅವರಿಗೆ ಸಾಧ್ಯವಿರಲಿಲ್ಲ. ನೋಂದಣಿ ಅಂದಿಗೆ ಮುಗಿಯಿತು.

ಮರಳುವ ಬಸ್ಸು ಸಂಕೇಶ್ವರ ದಾಟುವ ಹೊತ್ತಿಗೆ ಸಂಜೆಯಾಗಿತ್ತು. ಚೀಲದಲ್ಲಿದ್ದ ಹಾರವನ್ನು ನಾನು ಡ್ರೈವರನ ಮುಂದಿನ ದೇವರ ಪಟಕ್ಕೆ ಕೊಟ್ಟುಬಿಟ್ಟೆ. ಅವರಿಗೆ ಏನಾದರೂ ಹೇಳಬೇಕೆಂದು ಬಾಯಿ ತೆರೆದೆ; ಬಸ್ಸು ಯಾವುದೋ ಕಬ್ಬಿನ ಹೊಲದ ಪಕ್ಕ ನಿಂತಿತ್ತು, ಅವರ ಕೈ ಮೇಲೆದ್ದಿತು. ಎಣಿಸಿದರು. ಕೈಯಿಳಿಸಿ, "ಹಾಂ, ಹೇಳ್ರಿ," ಎಂದರು.

ಕೊಠಡಿಯ ನಾಮಫಲಕ ಹಾಗೆಯೇ ಉಳಿಯಿತು, ಮುಂದೆ ಎರಡು ಅಕ್ಷರದ ಖಾಲಿ ಜಾಗ, ಆಮೇಲೆ ಎಲ್. ಬಿ. ಚೌಗಲಾ. ಬದಲಿಸೋಣವೆಂದರೆ, "ಇರಲಿ ಬಿಡ್ರಿ, ಗಾಳಿ ಆಡತೈತಿ," ಎಂದರು. ನನಗೆ ಆ ಜಾಗದ ಮುಂದೆ ಹಾದುಹೋಗುವುದೇ ಕಷ್ಟವಾಗುತ್ತಿತ್ತು. ಅವರು ಮಾತ್ರ ತಮ್ಮ ಸದ್ದಿಲ್ಲದ ನಡಿಗೆಯಲ್ಲಿ ದಿನಕ್ಕೆ ಹತ್ತು ಸಲ ಓಡಾಡುತ್ತಿದ್ದರು. ೧೯೯೬ರಲ್ಲಿ ಸಣ್ಣದೊಂದು ಪತ್ರಿಕೆಯಲ್ಲಿ ಅವರ ನಾಲ್ಕು ಪುಟದ ಟಿಪ್ಪಣಿ ಅಚ್ಚಾಯಿತು. ಹಾಡು ಸಾಯುವುದಿಲ್ಲ, ಕೆಲವರಲ್ಲಿ ಉಳಿಯುತ್ತದೆ ಎಂಬುದು ಅದರ ಸಾರ. ಒಂದು ಪುಟ ಪೂರ್ತಿ ತಾವು ಹೇಗೆ ತಪ್ಪಿದೆವೆಂಬ ವಿವರ. ಕೊನೆಗೆ ಕೃತಜ್ಞತೆಯ ಸಾಲಿನಲ್ಲಿ ಮೂರು ಹೆಸರು: ಹೆಣ್ಣಿನ ಪಾಲು ಎಸೆದ ಶ್ರೀಮತಿ ತಾರವ್ವ, ಯಂತ್ರ ನಡೆಸಿದ ಆಬಾಸಾಹೇಬ, ಮತ್ತು ‘ಅರವತ್ತು ವರ್ಷಗಳ ವೀಕ್ಷಣೆಯಿಂದ ದೋಷವನ್ನು ಗುರುತಿಸಿದ’ ಏಕಸಂಬಿಯ ಶ್ರೀಮತಿ ಸೀತವ್ವ. ನನ್ನ ಹೆಸರಿರಲಿಲ್ಲ. ಸಾವಿರ ಗೆರೆ ಎಳೆದುಕೊಂಡವನು ನಾನೇ ಆದರೂ, ಇರಬಾರದಾಗಿತ್ತೆಂದು ನನಗೂ ಗೊತ್ತು.

ಈಗ ನಾನು ಬೇರೆ ಊರಿನಲ್ಲಿದ್ದೇನೆ. ತೆಪ್ಪಗೆ ಕೂತು ಸಂಸಾರ ಸಾಗಿಸಿದವರ ಪೈಕಿ ನಾನೂ ಒಬ್ಬನೆಂದು ಮಲಕಾರಿಯ ಮಾತಿನಿಂದಲೇ ತಿಳಿದುಕೊಂಡಿದ್ದೇನೆ, ಅದರ ಬಗ್ಗೆ ವಿಶೇಷ ದುಃಖವೇನಿಲ್ಲ. ನಮ್ಮ ಸಂಖ್ಯೆ ದೊಡ್ಡದು, ನಲವತ್ತರಲ್ಲಿ ಮೂವತ್ತಮೂರು. ಆದರೆ ಈ ವ್ಯಕ್ತಿಚಿತ್ರವನ್ನು ಮುಗಿಸುವಾಗ ಒಂದು ಸಾಮಾನ್ಯ ಮಾತು ಹೇಳಬೇಕೆನಿಸುತ್ತದೆ. ಯಾರೂ ಕೇಳದೆ ಇರುವಾಗ, ಯಾರಿಗೂ ಗೊತ್ತಾಗದೆ ಇರುವಾಗ, ಬಾಯಿಬಿಟ್ಟರೆ ತನಗೇ ಕೇಡೆಂದು ಲೆಕ್ಕ ಹಾಕಿ ತಿಳಿದಿರುವಾಗಲೂ, ತಾನು ತಪ್ಪಿದೆನೆಂದು ಎದ್ದು ನಿಂತು ಹೇಳುವ ಜಾತಿಯ ಮನುಷ್ಯರು ಈ ಲೋಕದಲ್ಲಿ ಇದ್ದಾರೆ, ಮತ್ತು ಅವರು ಸಂಪೂರ್ಣ ನಿರ್ನಾಮವಾಗುವುದಿಲ್ಲ. ಇದನ್ನು ಬರೆಯುತ್ತಿರುವಾಗಲೇ ಬೆನ್ನ ಹಿಂದೆ ಸದ್ದಿಲ್ಲದೆ ಬಂದು ನಿಂತವರಂತೆ ಚೌಗಲಾ ಸರ್ ಕೇಳುವುದು ಕೇಳಿಸುತ್ತದೆ: ಎಷ್ಟ ಸಲ ನೋಡೀರಿ?

ಒಂದು ಸಲ, ಸರ್. ಒಂದೇ ಸಲ ನೋಡೀನ್ರಿ.